ಹದಿನೆಂಟನೆಯ ನಿಮಿಷದಲ್ಲಿ ಇಳಿದವನು

ಬೆಟಗೇರಿ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು

ಹಿಂದಿನ ಕಾಲದ ಸಿನಿಮಾ ನೋಡುಗರಿಗೆ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ಐದು ದಿನ ಯಾವ ತಿಂಗಳಿಗೂ ಸೇರಿದ್ದಲ್ಲ, ಆ ದಿನಗಳಲ್ಲಿ ಯಾರೂ ಯಾರ ಕೈಕೆಳಗೂ ದುಡಿಯುವಂತಿಲ್ಲ. ಅದನ್ನು ನಮಗೆ ಯಾರೂ ದಾನವಾಗಿ ಕೊಡಲಿಲ್ಲ. ನಮ್ಮ ಮುತ್ತಜ್ಜಿಯರು ಮಗ್ಗ ನಿಲ್ಲಿಸಿ ಕಿತ್ತುಕೊಂಡರು. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಕ್ಷಮಿಸಿ. ಗೊತ್ತಿರುವ ಪದಗಳು ಅಪರಿಚಿತರ ಹಾಗೆ ಬಂದು ನಿಂತರೆ ಅದಕ್ಕೂ ಕ್ಷಮಿಸಿ. ಆದರೆ ಮುಂದೆ ಬರುವ ಸಿಟ್ಟಿಗೆ ಕ್ಷಮೆ ಕೇಳುವುದಿಲ್ಲ. ಅದನ್ನು ಯೋಚಿಸಿಯೇ ಬರೆದಿದ್ದೇನೆ.

ಕಾಗದ ಹಿಂದಕ್ಕೆ ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮಲ್ಲಿ ಹಿಂಟಪಾಲು ಅಂತ ಒಂದು ಇಲಾಖೆ ಇದೆ. ಹುಟ್ಟಿದ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಹಕ್ಕು. ಬಹಳ ಮಂದಿ ಸತ್ತ ತಾಯಿಗೆ ಬರೆಯುತ್ತಾರೆ. ಏನು ಬರೆಯುವುದೆಂದು ತಿಳಿಯದೆ ಬರೆಯದೇ ಸಾಯುವವರೂ ಇದ್ದಾರೆ. ನಾನು ನನ್ನ ಒಂದೇ ಕಾಗದವನ್ನು ಮುಖ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಅದೂ ನಿಮ್ಮ ಕಾಲದ ಒಂದು ದೆವ್ವದ ಸಿನಿಮಾದ ವಿಷಯಕ್ಕೆ. ಬೇರೆ ಕೆಲಸ ಇರಲಿಲ್ಲವೇ ಎಂದು ನೀವು ಕೇಳಬಹುದು. ಓದಿದ ಮೇಲೆ ಕೇಳಿ.

ನನ್ನ ಹೆಸರು ದ್ಯಾಮವ್ವ ಹಗ್ಗದ. ವಯಸ್ಸು ಐವತ್ತಾರು. ಕಸುಬು ಗುರುತುಗಾರ್ತಿ. ಅಂದರೆ, ಹೆದರಿಸುವ ಸಿನಿಮಾ ಜನರ ಮುಂದೆ ಹೋಗುವ ಮೊದಲು ಅದನ್ನು ಪೂರ್ತಿ ನೋಡಿ, ಎಲ್ಲೆಲ್ಲಿ ಮೈ ಬೆಚ್ಚಬೇಕೋ ಆ ಜಾಗಗಳಿಗೆ ಗುರುತು ಹಾಕಿ ಪಟ್ಟಿ ಕೊಡುವವಳು. ಆಟದ ದಿನ ನೋಡುಗರ ಮುಂಗೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದು ನಾಡಿ, ಬೆವರು, ಉಸಿರು ಮೂರನ್ನೂ ಹಿಡಿದು ಗೆರೆ ಬರೆಯುತ್ತದೆ. ನನ್ನ ಗುರುತು ಇದ್ದ ಕಡೆ ಗೆರೆ ಎಷ್ಟು ಏರಿತು ಎಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳುತ್ತಾರೆ. ಇದಕ್ಕೆ ಬೆಚ್ಚಳತೆ ಎನ್ನುತ್ತೇವೆ, ಇದನ್ನು ನೋಡಿಕೊಳ್ಳಲು ಬೆಚ್ಚಳತೆ ಕಚೇರಿಯೇ ಇದೆ. ನೀವು ಸಿನಿಮಾ ಮುಗಿಸಿ ಹೊರಗೆ ಬಂದು ಚಾದಂಗಡಿಯಲ್ಲಿ ನಿಂತು, ಹಳೆಯ ಚಿತ್ರಗಳೇ ಹೆದರಿಸುತ್ತಿದ್ದವು, ಹೊಸದರಲ್ಲಿ ಬರೀ ಸದ್ದು ಎಂದು ವಾದ ಮಾಡುತ್ತಿದ್ದಿರಂತೆ. ನಮ್ಮಲ್ಲಿ ಆ ವಾದ ಇಲ್ಲ. ಯಂತ್ರ ಹೇಳಿಬಿಡುತ್ತದೆ. ವಾದ ಸತ್ತ ದಿನವೇ ಏನೋ ಕೈತಪ್ಪಿತು ಅಂತ ನನಗೆ ಅನ್ನಿಸುತ್ತದೆ, ಆದರೆ ಅದು ಬೇರೆ ಜಗಳ.

ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದರಿಂದ ಹೋಲಿಕೆಯ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಜ್ಜಂದಿರ ಕಾಲದ ಕಪ್ಪು ಬಿಳುಪಿನ ಚಿತ್ರಗಳಲ್ಲಿ ದೀಪ ಆರಲು ಎರಡು ನಿಮಿಷ, ಬಾಗಿಲು ತೆರೆಯಲು ಮೂರು ನಿಮಿಷ. ಅವುಗಳಿಗೆ ಪಟ್ಟಿ ಕಟ್ಟಿಕೊಂಡು ಕೂತವರು ಬೆಚ್ಚುವುದಿಲ್ಲ, ಗೆರೆ ನಿಧಾನಕ್ಕೆ ಉಬ್ಬಿ ನಿಧಾನಕ್ಕೆ ಇಳಿಯುತ್ತದೆ. ನಾವು ಅದನ್ನು ಅಲೆ ಎನ್ನುತ್ತೇವೆ. ನಿಮ್ಮ ಕಾಲದ ಚಿತ್ರಗಳಲ್ಲಿ ನಾಲ್ಕು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ಮುಖ, ಮಂಚದ ಕೆಳಗೆ ಕೈ, ಕಿವಿ ಹರಿಯುವ ಸದ್ದು. ಗೆರೆ ಮುಳ್ಳಿನ ಹಾಗೆ ಏಳುತ್ತದೆ, ಮರುಗಳಿಗೆ ಬೀಳುತ್ತದೆ. ಅದು ಭಯ ಅಲ್ಲ. ಹಿಂದಿನಿಂದ ಬಂದು ಯಾರಾದರೂ ತಟ್ಟೆ ಕೆಡವಿದರೂ ಅಷ್ಟೇ ಏಳುತ್ತದೆ. ಇನ್ನು ನಮ್ಮ ಕಾಲದ್ದು ಮೈಚಿತ್ರ. ಒಬ್ಬರೇ ಹಿಡಿಸುವ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಸಿನಿಮಾ ನಿಮ್ಮ ಮೈಯನ್ನು ಓದಿ ನಿಮಗೆಂದೇ ತನ್ನನ್ನು ಕಟ್ಟಿಕೊಳ್ಳುತ್ತದೆ. ಹಲ್ಲಿಗೆ ಹೆದರುವವನಿಗೆ ಹಲ್ಲಿ ಬರುತ್ತದೆ. ಗಂಡನನ್ನು ಕಳೆದುಕೊಂಡವಳಿಗೆ ಕತ್ತಲಲ್ಲಿ ಗಂಡನ ಕೆಮ್ಮು ಕೇಳಿಸುತ್ತದೆ. ಎಂಬತ್ತು, ತೊಂಬತ್ತು ಅಂಕ ಸಲೀಸಾಗಿ ಬರುತ್ತದೆ. ಗೂಡಿನಿಂದ ಹೊರಬಂದವರು ಬೆವರು ಒರೆಸಿಕೊಂಡು ಮಾತಾಡದೆ ಮನೆಗೆ ಹೋಗುತ್ತಾರೆ, ಏಕೆಂದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಂಡಿಲ್ಲ. ಎರಡು ದಿನ ಬಿಟ್ಟು ಕೇಳಿದರೆ ಏನು ನೋಡಿದ್ದೆವೆಂದು ಅವರಿಗೇ ನೆನಪಿರುವುದಿಲ್ಲ. ಬೆಚ್ಚಿಸುವುದರಲ್ಲಿ ನಿಮ್ಮವು ನಮ್ಮ ಮುಂದೆ ಏನೂ ಅಲ್ಲ. ಅಂಕದ ಮಾತು ಇಷ್ಟೇ.

ಆದರೆ ನಿಮ್ಮ ಚಿತ್ರಗಳನ್ನು ನೂರಾರು ನೋಡಿ ನಾನು ಕಲಿತ ಇನ್ನೊಂದು ಮಾತಿದೆ, ಅದು ಯಾವ ಫಾರ್ಮಿನಲ್ಲೂ ಹಿಡಿಸುವುದಿಲ್ಲ. ಹಳೆಯ ಬಂಗಲೆ, ಅದರಲ್ಲಿ ದೆವ್ವ. ದೆವ್ವ ಯಾರು? ಆ ಮನೆಯ ಕೆಲಸದವಳು. ಯಜಮಾನ ಕೆಡಿಸಿ, ಕೊಂದು, ಬಾವಿಗೆ ಎಸೆದವಳು. ಅವಳು ಎದ್ದು ಬಂದು ಮೊದಲು ಯಾರನ್ನು ಕೊಲ್ಲುತ್ತಾಳೆ? ಕಾವಲುಗಾರನನ್ನು. ಆಮೇಲೆ ಅಡುಗೆಯವಳನ್ನು, ಆಮೇಲೆ ಡ್ರೈವರನನ್ನು. ಕೊನೆಗೆ ಜುಟ್ಟಿನವರೊಬ್ಬರು ಬಂದು ಅವಳನ್ನು ಮೊಳೆ ಹೊಡೆದು ಮರಕ್ಕೆ ಕಟ್ಟುತ್ತಾರೆ. ಯಜಮಾನನ ಮೊಮ್ಮಗ ಅದೇ ಮನೆಯಲ್ಲಿ ಮದುವೆಯಾಗುತ್ತಾನೆ. ನೀವು ಚಪ್ಪಾಳೆ ಹೊಡೆದು ಎದ್ದು ಹೋಗುತ್ತೀರಿ. ನನಗೆ ಅರ್ಥವಾಗದ್ದು ಇದೇ. ಅನ್ಯಾಯವಾದದ್ದು ಅವಳಿಗೆ, ಮತ್ತೆ ನೀವು ಹೆದರುವುದೂ ಅವಳಿಗೇ. ಕೊಂದವನ ಫೋಟೋ ಹಾರ ಹಾಕಿಕೊಂಡು ಅದೇ ಗೋಡೆಯ ಮೇಲಿರುತ್ತದೆ, ಅದನ್ನು ನೋಡಿ ನಿಮ್ಮಲ್ಲಿ ಒಬ್ಬರೂ ಬೆಚ್ಚಲಿಲ್ಲ.

ಈಗ ನಮ್ಮ ಹಾಲ್ ವಿಷಯಕ್ಕೆ ಬರುತ್ತೇನೆ. ಬೆಟಗೇರಿಯಲ್ಲಿ ನಮ್ಮದೊಂದು ಜೊತೆಹಾಲ್ ಇದೆ. ಜೊತೆಹಾಲ್ ಎಂದರೆ ನಿಮ್ಮ ಟಾಕೀಸೇ, ಜನ ಒಟ್ಟಿಗೆ ಕೂತು ಒಂದೇ ಪರದೆ ನೋಡುವ ಜಾಗ. ನಿಮಗೆ ಇದು ವಿಶೇಷ ಅನ್ನಿಸುವುದಿಲ್ಲ. ನಮಗೆ ಅದನ್ನು ಉಳಿಸಿಕೊಳ್ಳಲು ಹೋರಾಟವನ್ನೇ ಮಾಡಬೇಕಾಯಿತು. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಿ, ಮಾತು ಕಲಿತದ್ದು ಆ ಹೋರಾಟದಲ್ಲಿ, ಹಲಗೆ ಬಾರಿಸುವವರ ಪಕ್ಕದಲ್ಲಿ ನಿಂತು. ಮಗ್ಗದವರು ಕಟ್ಟಿದ ಹಾಲ್ ಅದು, ಮುನ್ನೂರ ಹನ್ನೆರಡು ಕುರ್ಚಿ, ಯಾವ ಕುರ್ಚಿಗೂ ಹೆಚ್ಚು ಕಡಿಮೆ ದರ್ಜೆ ಇಲ್ಲ. ಇಡೀ ಸೀಮೆಯಲ್ಲಿ ಇದೊಂದೇ ಉಳಿದಿದೆ. ಇದಕ್ಕೊಂದು ಪದ್ಧತಿಯೂ ಇದೆ. ಪರದೆಯ ಮೇಲಿನವರಿಗೆ ಅಪಾಯ ಬರುತ್ತಿದ್ದರೆ ನೋಡುತ್ತಿರುವವರು ಕೂಗಿ ಎಚ್ಚರಿಸಬೇಕು. ಅವರಿಗೆ ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಸುಮ್ಮನೆ ಕೂತು ನೋಡಬಾರದು ಎಂಬುದು ನಮ್ಮ ಹಾಲ್ ಕಟ್ಟಿದವರ ಮಾತು. ಹೊಸಬರು ನಾಚಿಕೊಳ್ಳುತ್ತಾರೆ, ಎರಡನೆಯ ವಾರಕ್ಕೆ ಅವರದ್ದೇ ದನಿ ಎತ್ತರ.

ಸರಕಾರದ ನಿಯಮ ಹೀಗಿದೆ. ಹೆದರಿಸುವ ಆಟದಲ್ಲಿ ಕಚೇರಿ ಗೊತ್ತುಮಾಡಿದಷ್ಟು ಹಾಲ್ ಬೆಚ್ಚಿಸದಿದ್ದರೆ, ಹಾಲ್‌ನ ಜಾಗವನ್ನು ಗೂಡುಗಳಿಗೆ ಬಿಟ್ಟುಕೊಡಬೇಕು. ಮೂರು ಅವಕಾಶ. ಗುರುತು ಹಾಕಿದ ಯಾವುದಾದರೂ ಒಂದು ಜಾಗದಲ್ಲಿ ಇಡೀ ಹಾಲ್‌ನ ಗೆರೆ ಇದ್ದಲ್ಲಿಂದ ಅರವತ್ತಕ್ಕಿಂತ ಹೆಚ್ಚು ಏರಿದರೆ ಸಾಕು. ಹೋದ ವರ್ಷ ಎರಡು ಸಲ ಸೋತೆವು. ಒಟ್ಟಿಗೆ ಕೂತವರು ಹೆದರುವುದು ಕಡಿಮೆ, ಪಕ್ಕದವರ ಮೊಣಕೈ ತಗುಲುತ್ತಿದ್ದರೆ ಯಾವ ದೆವ್ವವೂ ಅರ್ಧ ಸಣ್ಣದಾಗುತ್ತದೆ. ಇದು ಕಚೇರಿಗೂ ಗೊತ್ತು. ಗೊತ್ತಿದ್ದೇ ಮಾಡಿದ ನಿಯಮ. ಮೂರನೆಯ ಅವಕಾಶಕ್ಕೆ ನಾನೇ ನಿಮ್ಮ ಕಾಲದ ಒಂದು ಚಿತ್ರ ಆರಿಸಿದೆ. ಹೆಸರು ಹೇಳುವುದಿಲ್ಲ, ಅಂಥವು ನಿಮ್ಮಲ್ಲಿ ನೂರಿವೆ. ಗಂಡ ಹೆಂಡತಿ, ಜೊತೆಗೊಬ್ಬ ನಗಿಸುವ ಗೆಳೆಯ, ಮೂವರೂ ಹಳೆಯ ಬಂಗಲೆಯನ್ನು ಬಾಡಿಗೆಗೆ ಹಿಡಿಯಲು ಒಂದು ಊರಿಗೆ ಬರುತ್ತಾರೆ. ಮನೆಯಲ್ಲಿ ಅದನ್ನು ಹನ್ನೊಂದು ಸಲ ನೋಡಿ, ಹದಿನಾಲ್ಕು ಜಾಗಕ್ಕೆ ಗುರುತು ಹಾಕಿ ಪಟ್ಟಿ ಕೊಟ್ಟೆ.

ಫೆಬ್ರುವರಿ ಏಳು, ಬೆಳಗಿನ ಹನ್ನೊಂದು ಗಂಟೆಯ ಆಟ. ಹಾಲ್ ತುಂಬಿತ್ತು. ಎಲ್ಲರ ಮುಂಗೈಗೂ ಪಟ್ಟಿ. ಮುಂದಿನ ಸಾಲಿನಲ್ಲಿ ಫಕೀರವ್ವ ಕೂತಿದ್ದಳು. ತೊಂಬತ್ತೊಂದು ವರ್ಷದವಳು, ಹಾಲ್‌ಗೆ ಮಣ್ಣು ಹೊತ್ತವರಲ್ಲಿ ಬದುಕಿರುವ ಒಬ್ಬಳೇ. ಪಟ್ಟಿ ಕಟ್ಟಲು ಹೋದ ನನಗೆ, “ಏನವಾ ದ್ಯಾಮವ್ವಾ, ಇವತ್ತರ ಹೆದರಸ್ತೀಯೋ, ಹ್ವಾದ ಸಲದಂಗ ಜೋಂಪು ಹತ್ತಸ್ತೀಯೋ?” ಅಂದಳು. ನಾನು ಮೇಲಿನ ಕೋಣೆಗೆ ಹೋಗಿ ಮೌಲಾಸಾಬ ನದಾಫನ ಪಕ್ಕ ಕೂತೆ. ಅವನು ನಮ್ಮಲ್ಲಿ ಸಿನಿಮಾ ಓಡಿಸುವವನು, ಗೆರೆ ನೋಡುವವನೂ ಅವನೇ. ಅಳತೆ ಬರೆದುಕೊಳ್ಳಲು ಕಚೇರಿಯಿಂದ ಕೊಣ್ಣೂರ ಸಾಹೇಬರು ಬಂದಿದ್ದರು. ಕೆಟ್ಟ ಮನುಷ್ಯರಲ್ಲ, ಪೆನ್ನನ್ನು ನೆಟ್ಟಗೆ ಹಿಡಿದು ಕೂರುವವರು.

ಮೊದಲ ಹದಿನೇಳು ನಿಮಿಷ ಎಂದಿನಂತೆ. ಕಾರು, ಹಾಡು, ಜಗಳ, ಸರಸ. ಹದಿನೆಂಟನೆಯ ನಿಮಿಷದಲ್ಲಿ ಆ ಮೂವರೂ ಬಂಗಲೆಯ ಬೀಗದ ಕೈ ಕೇಳಲು ಒಂದು ಓಣಿಯಲ್ಲಿ ನಡೆದು ಹೋಗುತ್ತಾರೆ. ಓಣಿಯ ನಡುವೆ ನೀವು ಮ್ಯಾನ್‌ಹೋಲ್ ಎನ್ನುವ ಗುಂಡಿ ತೆರೆದಿದೆ. ಬರೀ ಚಡ್ಡಿ ಹಾಕಿಕೊಂಡ ಒಬ್ಬ ಮನುಷ್ಯ ಹಗ್ಗ ಕಟ್ಟಿಕೊಂಡು ಅದರೊಳಗೆ ಕಾಲು ಇಳಿಬಿಡುತ್ತಿದ್ದಾನೆ. ಹಗ್ಗದ ಇನ್ನೊಂದು ತುದಿ ಒಬ್ಬ ಹೆಂಗಸಿನ ಕೈಯಲ್ಲಿದೆ. ನಾಯಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಸುತ್ತು ಹಾಕುತ್ತಾಳೆ. ನಗಿಸುವ ಗೆಳೆಯ ಗುಂಡಿಯತ್ತ ಬೆರಳು ಮಾಡಿ, ಬಂಗಲೆಗೆ ಯಾಕೆ ಹೋಗಬೇಕು, ದೆವ್ವ ಇಲ್ಲೇ ಇದೆ ಎನ್ನುತ್ತಾನೆ. ಆಮೇಲೆ ಮೂರು ಸೆಕೆಂಡು ಯಾರೂ ಮಾತಾಡುವುದಿಲ್ಲ. ನಮ್ಮ ಕಸುಬಿನವರಿಗೆ ಆ ಮೂರು ಸೆಕೆಂಡು ಏನೆಂದು ಗೊತ್ತು. ನೀವು ನಗಲಿ ಎಂದು ಬಿಟ್ಟ ಜಾಗ ಅದು. ನೀವು ನಕ್ಕಿರಬೇಕು. ಹಿಂದೆ ಕುಣಿಯುವಂಥ ಸಂಗೀತ. ಮನುಷ್ಯ ಎದೆಯವರೆಗೆ ಇಳಿಯುತ್ತಾನೆ, ಕುತ್ತಿಗೆಯವರೆಗೆ ಇಳಿಯುತ್ತಾನೆ, ಅಷ್ಟರಲ್ಲಿ ಕ್ಯಾಮೆರಾ ನಾಯಕನ ಹಿಂದೆ ಹೊರಟುಹೋಗುತ್ತದೆ. ಒಟ್ಟು ಹತ್ತೊಂಬತ್ತು ಸೆಕೆಂಡು.

ನಮ್ಮಲ್ಲಿ ಆ ಗುಂಡಿಗಳನ್ನು ಯಂತ್ರ ಬಿಟ್ಟು ಬೇರೆ ಯಾರೂ ತೆರೆಯುವುದಿಲ್ಲ. ಮನುಷ್ಯನನ್ನು ಇಳಿಸಿದರೆ ಅದು ಕೊಲೆ, ಅಂಥ ಕೇಸು ನಮ್ಮಜ್ಜಿಯ ಕಾಲದಿಂದ ಈಚೆಗೆ ಒಂದೂ ಆಗಿಲ್ಲ. ಒಂದು ಕಾಲದಲ್ಲಿ ಇಳಿಯುತ್ತಿದ್ದರು, ಉಸಿರು ಕಟ್ಟಿ ಅಲ್ಲೇ ಸಾಯುತ್ತಿದ್ದರು ಎಂದು ಪಾಠದಲ್ಲಿ ಓದಿದ್ದೆವು. ಓದಿದ್ದೆವು ಅಷ್ಟೇ. ಆ ಹಾಲ್‌ನಲ್ಲಿದ್ದ ಒಬ್ಬರೂ ಅದನ್ನು ಕಣ್ಣಿಂದ ನೋಡಿರಲಿಲ್ಲ. ಮೊದಲು ಎದ್ದದ್ದು ಫಕೀರವ್ವ. ಕೋಲು ಬಿಟ್ಟು, ಎರಡೂ ಕೈ ಮುಂದೆ ಚಾಚಿ, “ಇಳೀಬ್ಯಾಡೋ ನಮ್ಮಪ್ಪಾ, ಇಳೀಬ್ಯಾಡ” ಎಂದು ಕೂಗಿದಳು. ಆಮೇಲೆ ಇಡೀ ಹಾಲ್ ಎದ್ದಿತು. ಮುನ್ನೂರ ಹನ್ನೆರಡು ಜನ ಪರದೆಯೊಳಗಿನ ಒಬ್ಬನಿಗೆ ಮೇಲೆ ಬಾ ಎಂದು ಕೂಗುತ್ತಿದ್ದರು, ಪರದೆಯ ಮೇಲೆ ಆಗಲೇ ಬಂಗಲೆಯ ಗೇಟು ಬಂದಿತ್ತು. ಮೌಲಾಸಾಬ ನನ್ನ ತೋಳು ಹಿಡಿದು, “ದ್ಯಾಮಕ್ಕಾ, ಗೆರಿ ಕೆಳಗ ಬರವಲ್ದು. ಯಂತ್ರ ಕೆಟ್ಟೈತೇನು ನೋಡ” ಅಂದ. ಗೆರೆ ತೊಂಬತ್ತನಾಲ್ಕಕ್ಕೆ ಹೋಗಿ ನಿಂತಿತ್ತು. ಮುಳ್ಳಿನ ಹಾಗೆ ಎದ್ದಿತು, ಆದರೆ ಬೀಳಲಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಗೆರೆಯನ್ನು ನಾನು ಕಂಡಿರಲಿಲ್ಲ.

ನಿಮ್ಮ ದೆವ್ವ ಆಮೇಲೆ ಬಂದಳು. ಬಿಳಿ ಸೀರೆ, ಗೆಜ್ಜೆ, ಹದಿನಾಲ್ಕು ಸಲ. ಒಂದು ಸಲವೂ ಏರಿಕೆ ಐದು ದಾಟಲಿಲ್ಲ, ಗೆರೆ ಆಗಲೇ ಮೇಲಿದ್ದದ್ದರಿಂದ ಅದರ ಮೇಲೆ ಸಣ್ಣ ಗಂಟುಗಳು ಬಿದ್ದವು, ಅಷ್ಟೇ. ಕೂಗಿ ಕೂಗಿ ದಣಿದಿದ್ದ ಫಕೀರವ್ವ ಅವಳನ್ನು ನೋಡಿ, “ಏ ತಂಗೀ, ನೀ ಒಬ್ಬಾಕಿ ಯಾಕ ತಿರಗತಿ, ಹೋಗ್ ಅವನ ಹಗ್ಗಾ ಜಗ್ಗ ಹೋಗ್” ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಕ್ಕವರೇ ಅಳತೊಡಗಿದರು. ಮಧ್ಯಂತರದಲ್ಲಿ ಯಾರೂ ಹೊರಗೆ ಹೋಗಲಿಲ್ಲ. ಅವನು ಮುಂದೆ ಎಲ್ಲಾದರೂ ಬರುತ್ತಾನೆ, ಮೈ ತೊಳೆದುಕೊಂಡು ಒಂದು ಕಟ್ಟೆಯ ಮೇಲೆ ಕೂತಿರುತ್ತಾನೆ ಎಂದು ಕೊನೆಯವರೆಗೆ ಕಾದರು. ಬರಲಿಲ್ಲ.

ಹಾಲ್ ಗೆಲ್ಲಬೇಕಿತ್ತು. ಗೆಲ್ಲಲಿಲ್ಲ, ಏಕೆಂದರೆ ಆ ಜಾಗಕ್ಕೆ ನಾನು ಗುರುತು ಹಾಕಿರಲಿಲ್ಲ. ಈ ತಪ್ಪನ್ನು ಪೂರ್ತಿ ಹೇಳಬೇಕು. ನಮ್ಮ ಕಸುಬಿನಲ್ಲಿ ಗುರುತು ಹಾಕುವುದು ಕಿವಿಯಿಂದ. ಸಂಗೀತ ಏರಿತೋ, ಗುರುತು ಹಾಕು. ಸಂಗೀತ ತಣ್ಣಗಿರುವ ಜಾಗಕ್ಕೆ ನಾವು ಚಾದ ಜಾಗ ಎನ್ನುತ್ತೇವೆ, ಆಗ ಎದ್ದು ಒಲೆಯ ಕಡೆ ಹೋಗಬಹುದು. ಆ ಚಿತ್ರ ಹನ್ನೊಂದು ಸಲ ಓಡಿತು, ಹನ್ನೊಂದು ಸಲವೂ ಹದಿನೆಂಟನೆಯ ನಿಮಿಷದಲ್ಲಿ ನಾನು ಪರದೆಗೆ ಬೆನ್ನು ಮಾಡಿ ಚಾ ಸೋಸುತ್ತಿದ್ದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅದು ಬರೀ ಕೆಲಸದ ತಪ್ಪು. ನಮ್ಮ ಅಡ್ಡಹೆಸರು ಹಗ್ಗದ. ನಮ್ಮ ಮನೆತನದ ಗಂಡಸರು ಇಳಿದವರು, ಹೆಂಗಸರು ಮೇಲೆ ಹಗ್ಗ ಹಿಡಿದವರು. ಆ ಹಗ್ಗದ ಒಂದು ಮೊಳ ತುಂಡು ಈಗಲೂ ನಮ್ಮ ಮನೆಯ ಗೂಟದಲ್ಲಿದೆ. ಚಾ ಸೋಸುವಾಗ ನನ್ನ ಮುಖ ಇದ್ದದ್ದು ಆ ಗೂಟದ ಕಡೆಗೆ. ನೀವು ನಕ್ಕಿರಿ ಎಂದು ಮೇಲೆ ಬರೆದೆ. ನಾನು ನಗಲೂ ಇಲ್ಲ, ನೋಡಲೂ ಇಲ್ಲ. ಈ ಕಾಗದದ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಎಂದು ತಿಳಿದುಕೊಂಡು ಓದಿ.

ಆಟ ಮುಗಿದ ಮೇಲೆ ಕೊಣ್ಣೂರ ಸಾಹೇಬರ ಮುಂದೆ ಕೂತೆ. ಅವರ ಕಣ್ಣೂ ಕೆಂಪಾಗಿತ್ತು. “ಅಕ್ಕಾರ, ನಂದೂ ಎದಿ ಧಸಕ್ಕಂತು, ಸುಳ್ಳ ಯಾಕ ಹೇಳ್ಲಿ. ಆದ್ರ ಎದಿಗೆ ಈ ಫಾರ್ಮಿನ್ಯಾಗ ಜಾಗಾ ಇಲ್ಲ” ಅಂದರು. ದಾರಿ ಒಂದಿತ್ತು. ಗುರುತುಗಾರ್ತಿ ತನ್ನದೇ ತಪ್ಪು ಎಂದು ಬರೆದುಕೊಟ್ಟು ತನ್ನ ಕಸುಬಿನ ಬಿಲ್ಲೆ ಒಪ್ಪಿಸಿದರೆ ಹೊಸದಾಗಿ ಒಂದು ಜಾಗ ಸೇರಿಸಬಹುದು. ಅಲ್ಲಿಯೇ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಆಮೇಲೆ ಫಾರ್ಮಿನ ಮೊದಲ ಪ್ರಶ್ನೆ. ಬೆದರಿಸುವ ವಸ್ತು ಯಾವುದು? ದೆವ್ವ, ಮೃಗ, ಆಯುಧ, ಕತ್ತಲೆ, ರೋಗ ಎಂದು ಎಂಟು ಬಗೆ ಅಚ್ಚಾಗಿವೆ, ಒಂದಕ್ಕೆ ಟಿಕ್ ಹಾಕಬೇಕು. ಸಾಹೇಬರು ನನಗೆ ಉಪಕಾರ ಮಾಡಲೆಂದೇ, “ಕತ್ತಲಿ ಅಂತ ಹಾಕ್ರೆಲಾ, ಗುಂಡ್ಯಾಗ ಕತ್ತಲಿ ಇರ್ತೈತಿ” ಅಂದರು. ನಾನು ಎಂಟನ್ನೂ ಬಿಟ್ಟು ಕೆಳಗೆ ಬರೆದೆ: ಪಕ್ಕದಲ್ಲಿ ನಡೆದುಹೋದವರು.

ಸಾಹೇಬರು ಅದನ್ನು ಎರಡು ಸಲ ಓದಿದರು, ಹೊಡೆದುಹಾಕಲಿಲ್ಲ. ಎರಡನೆಯ ಪ್ರಶ್ನೆಗೆ ಬೆರಳಿಟ್ಟರು. ಕಟ್ಟಿದ್ದೋ, ನಡೆದದ್ದೋ? ಅಂದರೆ, ಇಳಿದವನು ನಟನೋ, ಕ್ಯಾಮೆರಾ ಬಂದಾಗ ಓಣಿಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವನೋ. ನಟನಾದರೆ ಅದು ಆಟ, ಅಂಕ ನಮ್ಮದು, ಹಾಲ್ ಉಳಿಯುತ್ತದೆ. ನಿಜವಾದರೆ ಅದು ಆಟ ಅಲ್ಲ, ಸಾಕ್ಷಿ. ಸಾಕ್ಷಿಗೆ ಅಂಕ ಕೊಡುವುದಿಲ್ಲ, ಆ ಚಿತ್ರ ದಾಖಲೆ ಮನೆಗೆ ಹೋಗುತ್ತದೆ, ಹಾಲ್ ಗೂಡುಗಳಿಗೆ ಹೋಗುತ್ತದೆ. ಉತ್ತರಕ್ಕೆ ಮೂವತ್ತು ದಿನ ಕೊಟ್ಟರು. ಇನ್ನು ಏಳು ದಿನ ಉಳಿದಿವೆ.

ಆ ಹತ್ತೊಂಬತ್ತು ಸೆಕೆಂಡನ್ನು ಈಗ ನೂರಾರು ಸಲ ನೋಡಿದ್ದೇನೆ, ಚಾ ಇಲ್ಲದೆ. ಅವನು ಎಡಗಾಲಿನಿಂದ ಮೆಟ್ಟಿಲು ಹುಡುಕುತ್ತಾನೆ, ಕಣ್ಣು ಬೇರೆಲ್ಲೋ ಇದೆ. ಒಂದು ಸಲ ಕ್ಯಾಮೆರಾದತ್ತ ನೋಡಿ ತಕ್ಷಣ ತಲೆ ತಗ್ಗಿಸುತ್ತಾನೆ, ದಾರಿಗೆ ಅಡ್ಡ ಬಂದೆನೇನೋ ಎನ್ನುವ ಹಾಗೆ. ಹಗ್ಗವನ್ನು ಸೊಂಟಕ್ಕೆ ಕಟ್ಟಿಲ್ಲ, ಕಂಕುಳ ಕೆಳಗೆ ಎದೆಗೆ ಕಟ್ಟಿದ್ದಾನೆ. ನಟನಿಗೆ ಇದು ಹೊಳೆಯುವುದಿಲ್ಲ, ನಿರ್ದೇಶಕನಿಗಂತೂ ಇಲ್ಲವೇ ಇಲ್ಲ. ಸೊಂಟಕ್ಕೆ ಕಟ್ಟಿದರೆ, ಪ್ರಜ್ಞೆ ತಪ್ಪಿದವನು ಮೇಲಿನವರು ಎಳೆಯುವಾಗ ಎರಡಾಗಿ ಮಡಚಿಕೊಂಡು ಗುಂಡಿಯ ಬಾಯಿಗೆ ಸಿಕ್ಕಿಕೊಳ್ಳುತ್ತಾನೆ. ಎದೆಗೆ ಕಟ್ಟಿದರೆ ನೆಟ್ಟಗೆ ಮೇಲೆ ಬರುತ್ತಾನೆ. ಇದನ್ನು ನಮ್ಮಜ್ಜಿ ತನ್ನಜ್ಜಿಯಿಂದ ಕೇಳಿದ್ದಳು. ಆ ಹಿರಿಯಜ್ಜಿ ಅದನ್ನು ಕಲಿತದ್ದು, ಸೊಂಟಕ್ಕೆ ಕಟ್ಟಿದ ಒಬ್ಬನನ್ನು ಎಳೆದು ಎಳೆದು ಕೈ ಸೋತ ದಿನ. ಆದ್ದರಿಂದ ಅವನು ನಟ ಅಲ್ಲ ಎಂದು ನನಗೆ ಗೊತ್ತು. ಈ ಊರಿನಲ್ಲಿ ನನಗೆ ಮಾತ್ರ ಗೊತ್ತು.

ಮೌಲಾಸಾಬನಿಗೆ ಹೇಳಿದೆ. ಅವನು ಆ ಹಾಲ್‌ನ ಮೇಲಿನ ಕೋಣೆಯಲ್ಲೇ ಹುಟ್ಟಿದವನು, ಅವನಿಗೆ ಬೇರೆ ಮನೆ ಇಲ್ಲ. “ನಟ ಅಂತ ಬರದ ಒಗಿ ದ್ಯಾಮಕ್ಕಾ. ಯಾವ ಕಾಲದ ಮನಷ್ಯಾನೋ ಏನೋ, ಎದ್ದ ಬಂದು ಜಗಳಾ ತಗೀತಾನೇನು?” ಅಂದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನಾನೂ ಎರಡು ದಿನ ಪೆನ್ನು ಹಿಡಿದು ಕೂತೆ. ನಟ ಎಂದು ಎರಡಕ್ಷರ ಬರೆದರೆ ಮುನ್ನೂರ ಹನ್ನೆರಡು ಕುರ್ಚಿ ಉಳಿಯುತ್ತವೆ. ಹೋರಾಟದವರು ಸುಳ್ಳು ಹೇಳಿಲ್ಲವೆಂದಲ್ಲ, ಇದಕ್ಕಿಂತ ಸಣ್ಣ ಕಾರಣಕ್ಕೂ ಹೇಳಿದ್ದೇವೆ. ಕೊನೆಗೆ ಹಾಲ್‌ನಲ್ಲಿ ಸಭೆ ಕರೆದು ಎಲ್ಲರ ಮುಂದೆ ಇಟ್ಟೆ, ಎದೆಗೆ ಕಟ್ಟಿದ ಹಗ್ಗದ ವಿಷಯವನ್ನೂ ಹೇಳಿದೆ. ಆಮೇಲೆ ಫಕೀರವ್ವ ಕುರ್ಚಿಯ ಕೈ ಸವರುತ್ತ ಅಂದಳು, “ನಟ ಅಂದ್ರ ಹಾಲ್ ಉಳೀತೈತಿ ಖರೆ. ಆದ್ರ ಅವ ಮತ್ತ ಇಳೀತಾನ. ಈ ಸಲ ನಾವ ಇಳಿಸಿದಂಗ ಆಕ್ಕೈತಿ.” ಮೌಲಾಸಾಬ ಎದ್ದು ಹೊರಗೆ ಹೋದ, ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಅವಳ ಪಕ್ಕ ಕೂತ. ನಡೆದದ್ದು ಎನ್ನುವವರು ಕೈ ಎತ್ತಿ ಎಂದಾಗ ಅವನೂ ಎತ್ತಿದ.

ಗಡುವಿಗೆ ಕಾಯದೆ, ನಡೆದದ್ದು ಎಂದು ಬರೆದುಕೊಟ್ಟಿದ್ದೇನೆ. ಹಾಲ್ ಹೋಗುತ್ತದೆ. ಅದಕ್ಕೆ ನೀವೇನೂ ಮಾಡಬೇಕಾಗಿಲ್ಲ, ನಾವು ಓಣಿಯಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಬಟ್ಟೆ ಕಟ್ಟಿ ಒಟ್ಟಿಗೇ ನೋಡುತ್ತೇವೆ, ಎಬ್ಬಿಸಲು ಬಂದವರ ಜೊತೆ ಜಗಳವನ್ನೂ ಮಾಡುತ್ತೇವೆ. ನಾನು ಈ ಕಾಗದ ಬರೆದದ್ದು ಇನ್ನೊಂದಕ್ಕೆ. ನಡೆದದ್ದು ಎಂದು ಬರೆದ ಮೇಲೆ ಒಂದು ಪ್ರಶ್ನೆ ಉಳಿಯಿತು, ಅದು ಫಾರ್ಮಿನಲ್ಲಿ ಇರಲಿಲ್ಲ. ಅವನು ಮೇಲೆ ಬಂದನೇ? ಕ್ಯಾಮೆರಾ ನಾಯಕನ ಹಿಂದೆ ಹೋಯಿತು. ನಮಗೆ ಅವನ ತಲೆ ಗುಂಡಿಯ ಅಂಚಿನವರೆಗೆ ಮಾತ್ರ ಕಾಣಿಸುತ್ತದೆ. ನಮ್ಮ ಕಡೆಯಿಂದ ಎಷ್ಟು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ನೀವಾದರೆ ಅದೇ ಕಾಲದಲ್ಲಿದ್ದೀರಿ.

ಆ ಓಣಿಯ ಗುರುತು ಹೇಳುತ್ತೇನೆ. ನೀಲಿ ಬಣ್ಣದ ಕಬ್ಬಿಣದ ಗೇಟು. ಇಲ್ಲಿ ಮೂತ್ರ ಮಾಡಬಾರದು ಎಂದು ಬರೆದ ಗೋಡೆ. ಒಂದು ಬೇವಿನ ಗಿಡ, ನಲ್ಲಿಯ ಕೆಳಗೆ ಹಳದಿ ಪ್ಲಾಸ್ಟಿಕ್ ಕೊಡ, ಅರ್ಧ ಹರಿದ ಚುನಾವಣೆಯ ಪೋಸ್ಟರು. ಹಗ್ಗ ಹಿಡಿದ ಹೆಂಗಸಿನದು ಹಸಿರು ಬಳೆ. ನಮ್ಮ ದಾಖಲೆ ಮನೆಯವರು ಹುಡುಕಿ, ಇಂಥ ಓಣಿ ನಿಮ್ಮ ಕಾಲದ ಪ್ರತಿ ಊರಿನಲ್ಲೂ ಇತ್ತು, ಯಾವುದೆಂದು ಹೇಳಲಾಗದು ಎಂದರು. ಹಾಗಾಗಿ ಈ ಕಾಗದವನ್ನು ಒಂದು ವಿಳಾಸಕ್ಕೆ ಬರೆಯಲಿಲ್ಲ. ಮನುಷ್ಯನನ್ನು ಗುಂಡಿಗಿಳಿಸುವುದು ನಿಮ್ಮ ಕಾನೂನಿನಲ್ಲೂ ಆಗಲೇ ತಪ್ಪಾಗಿತ್ತಂತೆ. ತಪ್ಪು ಎಂದು ಬರೆದಿಟ್ಟು, ಪಕ್ಕದಲ್ಲಿ ನಡೆದುಹೋದಿರಿ.

ಯಾವ ಸಿನಿಮಾ ಹೆಚ್ಚು ಬೆಚ್ಚಿಸುತ್ತದೆ, ಹಳೆಯದೋ ಹೊಸದೋ ಎಂದು ನೀವು ಇನ್ನೂ ವಾದ ಮಾಡುತ್ತಿರಬಹುದು. ಮಾಡಿ, ಒಳ್ಳೆಯ ವಾದ, ನಮಗೆ ಅದೂ ಇಲ್ಲ. ಆದರೆ ಆ ವಾದ ಮಾಡುತ್ತ ನಿಂತ ಚಾದಂಗಡಿಯ ಮುಂದೆ ಯಾರಾದರೂ ಗುಂಡಿಯ ಮುಚ್ಚಳ ತೆಗೆಯುತ್ತಿದ್ದರೆ, ಗ್ಲಾಸು ಕೆಳಗಿಡಿ. ಅಲ್ಲಿ ಯಾವ ಸಂಗೀತವೂ ಏರುವುದಿಲ್ಲ, ಕಾಯಬೇಡಿ. ಇನ್ನೂ ಇಳಿದಿರದಿದ್ದರೆ ಇಳಿಯಬೇಡ ಎಂದು ಕೂಗಿ, ನಿಮ್ಮ ಮಾತು ಅವನಿಗೆ ಕೇಳಿಸುತ್ತದೆ. ಇಳಿಸಿದವರ ಕೊರಳಪಟ್ಟಿ ಹಿಡಿಯುವುದು ಆಮೇಲೆ, ಅದಕ್ಕೆ ಸಮಯ ಸಿಗುತ್ತದೆ. ಆಗಲೇ ಇಳಿದಿದ್ದರೆ ಮೊದಲು ಆ ಹೆಂಗಸಿನ ಪಕ್ಕ ನಿಂತು ಹಗ್ಗಕ್ಕೆ ಕೈ ಹಾಕಿ. ಎದೆಗೆ ಕಟ್ಟಿದ್ದಾನೆ, ನೆಟ್ಟಗೆ ಬರುತ್ತಾನೆ. ಎಳೆಯಿರಿ.

ದ್ಯಾಮವ್ವ ಹಗ್ಗದ